ಅಂಚಿಲ್ಲ, ಆದರೆ ಅಳತೆ ಇರಬಹುದು: ವಿಶ್ವದ ಆಕಾರದ ಹುಡುಕಾಟ

2003ರ ಅಕ್ಟೋಬರ್ 9ರ 'ನೇಚರ್' ಸಂಚಿಕೆಯಲ್ಲಿ ಐವರು ಸೇರಿ ಬರೆದ ಒಂದು ಪುಟ್ಟ ಪ್ರಬಂಧ ಪ್ರಕಟವಾಯಿತು. ಫ್ರಾನ್ಸಿನ ಖಗೋಳವಿಜ್ಞಾನಿ ಝಾನ್-ಪಿಯೇರ್ ಲುಮಿನೆ, ಅಮೆರಿಕದ ಗಣಿತಜ್ಞ ಜೆಫ್ರಿ ವೀಕ್ಸ್ ಮತ್ತು ಅವರ ಮೂವರು ಸಂಗಡಿಗರು ಅದರಲ್ಲಿ ಮುಂದಿಟ್ಟ ಸಾಧ್ಯತೆ ಎಂಥವರನ್ನೂ ಒಂದು ಕ್ಷಣ ತಡೆದು ನಿಲ್ಲಿಸುವಂಥದ್ದು. ವಿಶ್ವ ಅನಂತವಲ್ಲದಿರಬಹುದು, ಅದಕ್ಕೊಂದು ಗೊತ್ತಾದ ಗಾತ್ರ ಇರಬಹುದು. ಹನ್ನೆರಡು ಪಂಚಭುಜ ಮುಖಗಳುಳ್ಳ ಒಂದು ಘನಾಕೃತಿಯೊಳಗೆ ಇಡೀ ವಿಶ್ವ ಮುಗಿದುಹೋಗಿರಬಹುದು. ಆದರೂ ಅದಕ್ಕೆ ಗೋಡೆಯಿಲ್ಲ. ಒಂದು ಮುಖವನ್ನು ದಾಟಿ ಹೋದ ಬೆಳಕು ಅದೇ ಗಳಿಗೆಯಲ್ಲಿ ಎದುರು ಮುಖದಿಂದ ಒಳಗೆ ಬಂದಿರುತ್ತದೆ. ಹಲವು ದೇಶಗಳ ಪತ್ರಿಕೆಗಳು ಇದನ್ನು ಫುಟ್‌ಬಾಲ್ ಆಕಾರದ ವಿಶ್ವ ಎಂದು ಬಣ್ಣಿಸಿದವು.

ಆ ನಿರ್ದಿಷ್ಟ ಆಕಾರದ ಪರ ವಾದ ಹೆಚ್ಚು ಕಾಲ ತಾಳಲಿಲ್ಲ. ಅದು ಎತ್ತಿದ ಪ್ರಶ್ನೆ ಮಾತ್ರ ಇಂದಿಗೂ ಗಟ್ಟಿಯಾಗಿ ನಿಂತಿದೆ. ಅದನ್ನು ಮತ್ತೆ ವಿವರವಾಗಿ ನೋಡಬೇಕಾದ ಕಾರಣವೂ ಇದೆ. ವಿಶ್ವ ಚಪ್ಪಟೆ ಎಂದು ಅಳತೆಗಳು ತೋರಿಸಿವೆ, ಹಾಗಾಗಿ ಅದು ಅನಂತ ಎಂಬ ಮಾತನ್ನು ಒಳ್ಳೆಯ ವಿಜ್ಞಾನ ಬರಹಗಳಲ್ಲೂ ಕಾಣುತ್ತೇವೆ. ಅದರ ಮೊದಲರ್ಧ ಹೆಚ್ಚುಕಡಿಮೆ ಸರಿ. ಎರಡನೆಯ ಅರ್ಧ ಮೊದಲನೆಯದರಿಂದ ಹೊರಡುವುದೇ ಇಲ್ಲ. ವಿಶ್ವ ಎಷ್ಟು ಬಾಗಿದೆ ಎಂಬುದು ಒಂದು ಪ್ರಶ್ನೆ. ಅದು ತನಗೆ ತಾನೇ ಹೇಗೆ ಹೆಣೆದುಕೊಂಡಿದೆ ಎಂಬುದು ಇನ್ನೊಂದು. ಮೊದಲನೆಯದು ವಕ್ರತೆಯ ಪ್ರಶ್ನೆ, ಎರಡನೆಯದು ಟೊಪಾಲಜಿಯದು. ಇವೆರಡನ್ನು ಒಂದೇ ಎಂದು ಭಾವಿಸಿದ್ದರಿಂದಲೇ ಈ ವಿಷಯದಲ್ಲಿ ಅರ್ಧ ಗೊಂದಲ ಹುಟ್ಟಿದೆ.

ವಿಶ್ವಕ್ಕೆ ಮಿತಿಯಿದೆ ಎಂದವರನ್ನು ಬಹಳ ಹಿಂದಿನಿಂದಲೂ ಒಂದು ಸವಾಲು ಕಾಡಿದೆ. ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ಚಿಂತಕ, ಪ್ಲೇಟೋನ ಗೆಳೆಯ ಆರ್ಕೈಟಸ್ ಕೇಳಿದ್ದು ಸರಳ ಪ್ರಶ್ನೆ: ವಿಶ್ವದ ಅಂಚಿಗೆ ಹೋಗಿ ನಿಂತವನು ಕೈಯನ್ನೋ ಕೋಲನ್ನೋ ಮುಂದೆ ಚಾಚಿದರೆ ಏನಾಗುತ್ತದೆ? ಚಾಚಲು ಬಂದರೆ ಆಚೆ ಜಾಗವಿದೆ ಎಂದಾಯಿತು. ಚಾಚಲು ಬಾರದಿದ್ದರೆ ಆಚೆ ಏನೋ ಅಡ್ಡ ನಿಂತಿದೆ. ಹೇಗಿದ್ದರೂ ಅದು ಅಂಚಲ್ಲ. ಜೈನ ಲೋಕವಿವರಣೆಯಲ್ಲಿ ಇದಕ್ಕೆ ಹೊಂದುವ ಬೇರೊಂದು ಉತ್ತರ ಸಿಗುತ್ತದೆ. ಲೋಕಾಕಾಶಕ್ಕೆ ಮಿತಿಯುಂಟು, ಅದರಾಚೆಗಿನ ಅಲೋಕಾಕಾಶ ಅನಂತ. ಚಲನೆಗೆ ಆಸರೆಯಾದ ಧರ್ಮದ್ರವ್ಯ ಇರುವುದು ಲೋಕದೊಳಗೆ ಮಾತ್ರ. ಆದ್ದರಿಂದ ಅಂಚಿನಾಚೆಗೆ ಯಾವುದೂ ಸಾಗದು; ಮುಕ್ತಜೀವವೂ ಲೋಕದ ತುದಿಯಲ್ಲೇ ನಿಲ್ಲುತ್ತದೆ. ಜಾಗ ಇದ್ದರೂ ಚಲನೆ ಇಲ್ಲ ಎಂಬ ಈ ಉತ್ತರ ಆರ್ಕೈಟಸ್‌ನ ಇಕ್ಕಟ್ಟಿನಿಂದ ನಿಜಕ್ಕೂ ಜಾಣತನದಿಂದ ಪಾರಾಗುತ್ತದೆ.

ಮಿತಿ ಇದ್ದರೆ ಅಂಚು ಇರಲೇಬೇಕು ಎಂಬ ನಂಬಿಕೆಯನ್ನೇ ಅಲುಗಿಸಿದ್ದು 1854ರ ಜೂನ್ 10ರಂದು ಗ್ಯೋಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಬರ್ನ್‌ಹಾರ್ಡ್ ರೀಮಾನ್ ಮಾಡಿದ ಉಪನ್ಯಾಸ. ಅಂಚಿಲ್ಲದಿರುವುದು ಮತ್ತು ಅನಂತವಾಗಿರುವುದು ಬೇರೆ ಬೇರೆ ಗುಣಗಳು ಎಂದು ಅವನು ಬಿಡಿಸಿ ತೋರಿಸಿದ. ಭೂಮಿಯ ಮೇಲ್ಮೈಗೆ ವಿಸ್ತೀರ್ಣವಿದೆ, ಅಂಚಿಲ್ಲ. ಅದನ್ನೇ ಒಂದು ಆಯಾಮ ಮೇಲಕ್ಕೆ ಒಯ್ದರೆ ಮೂರು ಆಯಾಮದ ಗೋಳಾವಕಾಶ ಸಿಗುತ್ತದೆ. ಅದಕ್ಕೆ ಘನಗಾತ್ರವಿದೆ, ಅಂಚಿಲ್ಲ, ಹೊರಗೆ ಎಂಬುದು ಬೇಕಾಗಿಯೂ ಇಲ್ಲ. ಅಂಥ ಜಾಗದಲ್ಲಿ ಕೋಲನ್ನು ಎಲ್ಲಿ ಬೇಕಾದರೂ ಚಾಚಬಹುದು. ಸಾಕಷ್ಟು ಉದ್ದದ ಕೋಲಾದರೆ ಅದರ ತುದಿ ಹಿಂದಿನಿಂದ ಬಂದು ಚಾಚಿದವನ ಬೆನ್ನನ್ನೇ ಮುಟ್ಟುತ್ತದೆ.

ರೀಮಾನ್‌ನ ಈ ಕಲ್ಪನೆಯನ್ನು ನಕ್ಷತ್ರಗಳ ಲೆಕ್ಕಕ್ಕೆ ತಂದ ಮೊದಲಿಗರಲ್ಲಿ ಕಾರ್ಲ್ ಶ್ವಾರ್ಟ್ಸ್‌ಚೈಲ್ಡ್ ಒಬ್ಬ. ಕಪ್ಪುಕುಳಿಯ ಗಣಿತದಿಂದ ಹೆಸರಾದ ಇದೇ ವ್ಯಕ್ತಿ 1900ರಲ್ಲಿ, ಸಾಪೇಕ್ಷತಾ ಸಿದ್ಧಾಂತದ ಸುಳಿವೂ ಇಲ್ಲದ ಕಾಲದಲ್ಲಿ, ಅವಕಾಶ ಬಾಗಿದ್ದರೆ ಎಷ್ಟು ಬಾಗಿರಲು ಸಾಧ್ಯ ಎಂದು ತಾರೆಗಳ ಅಳತೆಯಿಂದ ಲೆಕ್ಕ ಹಾಕಿದ. ಧನ ವಕ್ರತೆಯಾದರೆ (ಗೋಳದಂತೆ ಬಾಗಿದ್ದರೆ) ವಕ್ರತಾ ತ್ರಿಜ್ಯ ಕನಿಷ್ಠ ಸುಮಾರು 1,600 ಜ್ಯೋತಿರ್ವರ್ಷ, ಋಣ ವಕ್ರತೆಯಾದರೆ (ಕುದುರೆಯ ಜೀನಿನಂತೆ ಬಾಗಿದ್ದರೆ) ಕನಿಷ್ಠ ಸುಮಾರು 60 ಜ್ಯೋತಿರ್ವರ್ಷ ಎಂಬುದು ಅವನಿಗೆ ಸಿಕ್ಕ ಉತ್ತರ. ಅದೇ ಪ್ರಬಂಧದ ಕೊನೆಯಲ್ಲಿ ಅವನು ಇನ್ನೊಂದು ವಿಚಾರವನ್ನೂ ಸೇರಿಸಿದ. ಆಕಾಶದಲ್ಲಿ ದೂರ ದೂರ ಕಾಣುವ ಕಾಯಗಳು ಒಂದೇ ಕಾಯದ ಮರುಕಳಿಸಿದ ಬಿಂಬಗಳೂ ಆಗಿರಬಹುದು ಎಂಬುದು ಅದು. ಇಂದು ವಿಶ್ವ ಟೊಪಾಲಜಿ ಎಂದು ಕರೆಯುವ ಕ್ಷೇತ್ರದ ಮೂಲ ಆ ಕೆಲವೇ ಸಾಲುಗಳಲ್ಲಿದೆ.

1917ರ ಫೆಬ್ರವರಿಯಲ್ಲಿ ಐನ್‌ಸ್ಟೈನ್ ಸಾಮಾನ್ಯ ಸಾಪೇಕ್ಷತೆಯನ್ನು ಇಡೀ ವಿಶ್ವಕ್ಕೆ ಅನ್ವಯಿಸಿದಾಗ ಆರಿಸಿಕೊಂಡದ್ದು ರೀಮಾನ್‌ನ ಗೋಳಾವಕಾಶವನ್ನೇ. ಅನಂತದೂರದಲ್ಲಿ ಗುರುತ್ವ ಹೇಗಿರಬೇಕು ಎಂಬ ತೊಡಕು ಅದರಿಂದ ಇಲ್ಲವಾಗುತ್ತಿತ್ತು. ಅದೇ ವರ್ಷ ಡಚ್ ಖಗೋಳಜ್ಞ ವಿಲ್ಲೆಮ್ ಡಿ ಸಿಟ್ಟರ್ ಒಂದು ತಗಾದೆ ತೆಗೆದ. ಅದೇ ವಕ್ರತೆ, ಅದೇ ಸಮೀಕರಣ, ಆದರೆ ಗೋಳದ ಎದುರುಬದುರು ಬಿಂದುಗಳನ್ನು ಒಂದೇ ಎಂದು ತಿಳಿದರೆ ಅರ್ಧ ಗಾತ್ರದ ಬೇರೆಯೇ ವಿಶ್ವ ಬರುತ್ತದಲ್ಲ? ಇವೆರಡರಲ್ಲಿ ಯಾವುದು ನಿಜ ಎಂದು ಸಮೀಕರಣ ಹೇಳುವುದಿಲ್ಲ. 1922 ಮತ್ತು 1924ರಲ್ಲಿ ವಿಶ್ವ ಹಿಗ್ಗಬಹುದು ಎಂದು ತೋರಿಸಿದ ರಷ್ಯದ ಅಲೆಕ್ಸಾಂಡರ್ ಫ್ರೀಡ್ಮನ್ ಈ ಮಾತನ್ನು ಇನ್ನೂ ಖಚಿತವಾಗಿ ಹೇಳಿದ. ಐನ್‌ಸ್ಟೈನ್ ಸಮೀಕರಣಗಳು ಒಂದೊಂದು ಬಿಂದುವಿನ ಸುತ್ತಲ ವಕ್ರತೆಯನ್ನು ತಿಳಿಸುತ್ತವೆ. ವಿಶ್ವ ಪರಿಮಿತವೋ ಅನಂತವೋ ಎಂದು ತೀರ್ಮಾನಿಸಲು ಅವಷ್ಟೇ ಸಾಲವು. ಫ್ರೀಡ್ಮನ್ 1925ರಲ್ಲಿ, 37ನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಹಿಗ್ಗುವ ವಿಶ್ವ ಜಗದ್ವಿಖ್ಯಾತವಾಯಿತು, ಟೊಪಾಲಜಿಯ ಎಚ್ಚರಿಕೆ ಬಹುಕಾಲ ಮೂಲೆಗೆ ಬಿತ್ತು. ಬೇಸರದ ಸಂಗತಿಯೆಂದರೆ, ಮುಂದಿನ ಹಲವು ದಶಕಗಳ ಪಠ್ಯಗಳು ಧನ ವಕ್ರತೆ ಎಂದರೆ ಪರಿಮಿತ, ಋಣ ವಕ್ರತೆ ಅಥವಾ ಚಪ್ಪಟೆ ಎಂದರೆ ಅನಂತ ಎಂಬ ಸೂತ್ರವನ್ನು ಪ್ರಶ್ನಿಸದೆ ಮುದ್ರಿಸುತ್ತಲೇ ಹೋದವು.

ಚಪ್ಪಟೆಯಾಗಿದ್ದೂ ಪರಿಮಿತವಾದ ಜಾಗ ಹೇಗಿರುತ್ತದೆ ಎಂಬುದನ್ನು ಒಳಗೆ ನಿಂತು ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಒಂದು ಘನಾಕಾರದ ಕೋಣೆ. ಅದರ ಪೂರ್ವದ ಗೋಡೆಯೂ ಪಶ್ಚಿಮದ ಗೋಡೆಯೂ ಒಂದೇ. ಪೂರ್ವಕ್ಕೆ ದಾಟಿದವನು ಪಶ್ಚಿಮದಿಂದ ಒಳಬರುತ್ತಾನೆ. ಉತ್ತರ-ದಕ್ಷಿಣಗಳೂ ಹಾಗೆಯೇ, ನೆಲ-ಸೂರುಗಳೂ ಹಾಗೆಯೇ. ಈ ಕೋಣೆಯೊಳಗೆ ಎಳೆದ ತ್ರಿಕೋನದ ಕೋನಗಳ ಮೊತ್ತ ಎಲ್ಲೆಡೆ 180 ಡಿಗ್ರಿ, ಸಮಾನಾಂತರ ರೇಖೆಗಳು ಎಂದೂ ಕೂಡುವುದಿಲ್ಲ. ಇಲ್ಲಿನ ಯಾವುದೇ ಚಿಕ್ಕ ಭಾಗದಲ್ಲಿ ಶಾಲೆಯಲ್ಲಿ ಕಲಿತ ಯೂಕ್ಲಿಡ್‌ನ ರೇಖಾಗಣಿತದ ಒಂದು ನಿಯಮವೂ ಮುರಿಯುವುದಿಲ್ಲ. ಆದರೂ ಕೋಣೆಯ ಘನಗಾತ್ರಕ್ಕೆ ಲೆಕ್ಕವಿದೆ. ಇದೇ ಮೂರು ಆಯಾಮದ ಟೋರಸ್. ಒಳಗೆ ನಿಂತವನು ಎದುರಿಗೆ ನೋಡಿದರೆ ಅವನಿಗೆ ಕಾಣುವುದು ತನ್ನದೇ ಬೆನ್ನು. ಬಲಕ್ಕೆ ತಿರುಗಿದರೆ ತನ್ನದೇ ಎಡಪಕ್ಕ, ತಲೆ ಎತ್ತಿದರೆ ತನ್ನದೇ ಅಂಗಾಲು. ಅದರಾಚೆ ಇನ್ನೊಂದು ಬೆನ್ನು, ಅದರಾಚೆ ಮತ್ತೊಂದು. ಕೋಣೆ ಒಂದೇ, ಒಳಗಿರುವವನು ಒಬ್ಬನೇ. ಕಣ್ಣಿಗೆ ಮಾತ್ರ ಕೊನೆಯಿಲ್ಲದ ಸಾಲು.

ಈಗ ಆ ಕೋಣೆಯನ್ನು ವಿಶ್ವದ ಗಾತ್ರಕ್ಕೆ ಹಿಗ್ಗಿಸಬೇಕು. ಬೆಳಕು ಒಂದು ಸುತ್ತು ಬರಲು ನೂರು ಕೋಟಿ ವರ್ಷ ಬೇಕಾದರೆ, ಎದುರಿಗೆ ಕಾಣುವ ನಮ್ಮ ಆಕಾಶಗಂಗೆಯ ಬಿಂಬ ನೂರು ಕೋಟಿ ವರ್ಷ ಹಳೆಯದು, ಅದೂ ಬೇರೊಂದು ಕೋನದಿಂದ ಕಂಡದ್ದು. ಅದನ್ನು ಕಂಡರೂ ನಮ್ಮದೆಂದು ಗುರುತಿಸುವುದು ಹೇಗೆ? ಒಂದೇ ಗೆಲಾಕ್ಸಿಯ ಎರಡು ಬಿಂಬಗಳನ್ನು ಹುಡುಕಲು ಹೊರಟವರೆಲ್ಲ ಎಡವಿದ್ದು ಇಲ್ಲಿಯೇ. 1970ರ ದಶಕದಿಂದ ಕೆಲವರು ಕೋಮಾ ಸಮೂಹದಂಥ ಎದ್ದುಕಾಣುವ ಗೆಲಾಕ್ಸಿ ಗುಂಪುಗಳನ್ನು ಹೆಗ್ಗುರುತಾಗಿ ಹಿಡಿದು ಅದರ ಜೋಡಿ ಬೇರೆಲ್ಲಾದರೂ ಕಾಣುತ್ತದೆಯೇ ಎಂದು ನೋಡಿದರು. 1996ರಲ್ಲಿ ರೋಲಾಂ ಲುಹೂಕ್, ಮಾರ್ಕ್ ಲಾಶಿಯೇಜ್-ರೇ ಮತ್ತು ಲುಮಿನೆ ಸೇರಿ ಬೇರೆ ಉಪಾಯ ಸೂಚಿಸಿದರು. ಯಾವುದೇ ಗೆಲಾಕ್ಸಿಯನ್ನು ಗುರುತಿಸುವುದೇ ಬೇಡ. ಎಲ್ಲ ಜೋಡಿಗಳ ನಡುವಿನ ದೂರವನ್ನೂ ಎಣಿಸಿ ಪಟ್ಟಿ ಮಾಡಿದರೆ, ವಿಶ್ವ ಮರುಕಳಿಸುವಂಥದ್ದಾಗಿದ್ದಲ್ಲಿ ಕೆಲವು ದೂರಗಳು ಮಿತಿಮೀರಿ ಹೆಚ್ಚು ಸಲ ಬರಬೇಕು. ಟೋರಸ್ಸಿನಂಥ ಜಾಗಗಳಿಗೆ ಇದು ಸೊಗಸಾಗಿ ಹೊಂದುತ್ತದೆ. ಋಣ ವಕ್ರತೆಯ ಜಾಗಗಳಲ್ಲಿ ಕೈಕೊಡುತ್ತದೆ ಎಂದು ಬೇಗನೆ ತಿಳಿಯಿತು.

ಎಷ್ಟು ಬಗೆಯ ಜಾಗಗಳು ಸಾಧ್ಯ ಎಂಬ ಪಟ್ಟಿಯನ್ನು ಗಣಿತಜ್ಞರು ಖಗೋಳಜ್ಞರಿಗಿಂತ ಎಷ್ಟೋ ಮುಂಚೆ ಸಿದ್ಧ ಮಾಡಿಟ್ಟಿದ್ದರು. ಚಪ್ಪಟೆ ಜಾಗಗಳು ಒಟ್ಟು 18 ಬಗೆ. ಅವುಗಳಲ್ಲಿ 10 ಪರಿಮಿತ. ಆ ಹತ್ತರಲ್ಲಿ ಆರು ಎಡ-ಬಲಗಳನ್ನು ಹಾಗೇ ಉಳಿಸುತ್ತವೆ. ಉಳಿದ ನಾಲ್ಕರಲ್ಲಿ ಸುತ್ತುಹಾಕಿ ಬಂದವನ ಬಲಗೈ ಎಡಗೈಯಾಗಿರುತ್ತದೆ. ಆರರ ಪೈಕಿ ಒಂದು ಈಗ ಕಂಡ ಟೋರಸ್. ಇನ್ನು ಕೆಲವು, ಎದುರು ಗೋಡೆಯನ್ನು ಸೇರಿಸುವ ಮೊದಲು ಕಾಲು ಸುತ್ತು, ಅರ್ಧ ಸುತ್ತು, ಮೂರನೆಯ ಒಂದು ಅಥವಾ ಆರನೆಯ ಒಂದು ಸುತ್ತು ತಿರುಗಿಸಿದಂಥವು. ಆರನೆಯದಕ್ಕೆ 1930ರ ದಶಕದ ಜರ್ಮನ್ ಗಣಿತಜ್ಞರಾದ ಹಾಂಟ್ಷೆ ಮತ್ತು ವೆಂಟ್ ಅವರ ಹೆಸರಿದೆ.

ಧನ ವಕ್ರತೆಯ ಜಾಗಗಳೆಲ್ಲ ಪರಿಮಿತ, ಆದರೆ ಅವುಗಳ ಬಗೆ ಎಣಿಕೆಗೆ ಮುಗಿಯದಷ್ಟು. ಅವುಗಳಲ್ಲೇ ಚೆಲುವಾದದ್ದು 1904ರಲ್ಲಿ ಆನ್ರಿ ಪ್ವಾಂಕರೆ ಕಂಡುಹಿಡಿದ ಜಾಗ. ದ್ವಾದಶಮುಖಿಯೊಂದರ ಎದುರು ಮುಖಗಳನ್ನು 36 ಡಿಗ್ರಿ ತಿರುಗಿಸಿ ಒಂದಾಗಿಸಿದರೆ ಅದು ಸಿಗುತ್ತದೆ. ಅಂಥ 120 ದ್ವಾದಶಮುಖಿಗಳು ಸೇರಿದರೆ ಇಡೀ ಗೋಳಾವಕಾಶ ಒಂದು ಚೂರೂ ಸಂದಿಲ್ಲದೆ ತುಂಬುತ್ತದೆ. ಋಣ ವಕ್ರತೆಯಲ್ಲೂ ಪರಿಮಿತ ಜಾಗಗಳು ಅಸಂಖ್ಯ. ಅವುಗಳಲ್ಲಿ ಅತ್ಯಂತ ಚಿಕ್ಕದರ ಘನಗಾತ್ರ ವಕ್ರತಾ ತ್ರಿಜ್ಯದ ಘನದ ಸುಮಾರು 0.94ರಷ್ಟು. ಇದಕ್ಕೆ ಜೆಫ್ರಿ ವೀಕ್ಸ್ ಹೆಸರೇ ಇದೆ. ಇದಕ್ಕಿಂತ ಚಿಕ್ಕದು ಇಲ್ಲ ಎಂದು 2009ರಲ್ಲಿ ಗಬಾಯ್, ಮೇಯರ್ಹಾಫ್ ಮತ್ತು ಮಿಲ್ಲಿ ಸಾಧಿಸಿದರು.

ಈ ಪಟ್ಟಿಯಲ್ಲಿ ಒಂದು ಸೂಕ್ಷ್ಮವಿದೆ, ಮುಂದಿನ ಕತೆಯೆಲ್ಲ ಅದರ ಮೇಲೆ ನಿಂತಿದೆ. ಬಾಗಿದ ಜಾಗಗಳಲ್ಲಿ ಆಕಾರ ಗೊತ್ತಾದರೆ ಗಾತ್ರವೂ ಗೊತ್ತಾಗುತ್ತದೆ, ಏಕೆಂದರೆ ಗಾತ್ರವು ವಕ್ರತಾ ತ್ರಿಜ್ಯಕ್ಕೆ ಕಟ್ಟುಬಿದ್ದಿದೆ. ವಿಶ್ವ ಬಾಗಿರುವುದು ಅತ್ಯಲ್ಪವಾದರೆ ಆ ತ್ರಿಜ್ಯ ಅಗಾಧವಾಗಿರಬೇಕು, ಆಗ ಮರುಕಳಿಕೆ ನಮ್ಮ ಕಣ್ಣಳತೆಯ ಆಚೆ ಹೋಗಿಬಿಡುತ್ತದೆ. ಚಪ್ಪಟೆ ಜಾಗಗಳಿಗೆ ಈ ಕಟ್ಟಿಲ್ಲ. ಚಪ್ಪಟೆ ಟೋರಸ್ ಎಷ್ಟು ಚಿಕ್ಕದಾದರೂ ಇರಬಹುದು, ಎಷ್ಟು ದೊಡ್ಡದಾದರೂ ಇರಬಹುದು. ಅಂದರೆ ವಿಶ್ವ ಚಪ್ಪಟೆ ಎಂಬ ಅಳತೆ ಪರಿಮಿತ ವಿಶ್ವದ ಆಸೆಯನ್ನು ಕೊಲ್ಲುವುದಿಲ್ಲ. ಅದನ್ನು ಕಣ್ಣಾರೆ ಕಾಣುವ ಆಸೆಯನ್ನು ಈ ಹತ್ತು ಬಗೆಗಳ ಕಡೆಗೆ ತಿರುಗಿಸುತ್ತದೆ, ಅಷ್ಟೆ.

ಹುಡುಕಾಟಕ್ಕೆ ನಿಜವಾದ ಬಲ ಬಂದದ್ದು ಗೆಲಾಕ್ಸಿಗಳಿಂದಲ್ಲ, ಮೈಕ್ರೋವೇವ್ ಹಿನ್ನೆಲೆ ವಿಕಿರಣದಿಂದ. ಮಹಾಸ್ಫೋಟದ ಸುಮಾರು 3,80,000 ವರ್ಷಗಳ ನಂತರ ವಿಶ್ವ ತಣ್ಣಗಾಗಿ ಪಾರದರ್ಶಕವಾದಾಗ ಹೊರಟ ಬೆಳಕು ಅದು. 1965ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಅದನ್ನು ಕಂಡುಹಿಡಿದ ಸುದ್ದಿ ಪ್ರಕಟವಾಯಿತು. ಈಗ ಅದರ ಉಷ್ಣತೆ 2.725 ಕೆಲ್ವಿನ್. ದಿಕ್ಕಿನಿಂದ ದಿಕ್ಕಿಗೆ ಲಕ್ಷದಲ್ಲೊಂದು ಭಾಗದಷ್ಟು ಮಾತ್ರ ವ್ಯತ್ಯಾಸ. ಎಲ್ಲ ದಿಕ್ಕಿನಿಂದಲೂ ಒಂದೇ ಕಾಲದಲ್ಲಿ ಹೊರಟ ಬೆಳಕಾದ್ದರಿಂದ, ಅದು ನಮ್ಮನ್ನು ನಡುವಿಟ್ಟುಕೊಂಡ ಒಂದು ಗೋಳದ ಮೇಲ್ಮೈಯಿಂದ ಬರುತ್ತಿದೆ ಎನ್ನಬಹುದು. ವಿಶ್ವದ ಹಿಗ್ಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಗೋಳದ ತ್ರಿಜ್ಯ ಇಂದು ಸುಮಾರು 4,500 ಕೋಟಿ ಜ್ಯೋತಿರ್ವರ್ಷ. ಇದಕ್ಕಿಂತ ದೂರದ ಬೆಳಕು ನಮಗಿಲ್ಲ.

1992ರಲ್ಲಿ 'ಕೋಬ್' ಉಪಗ್ರಹದ ತಂಡ ಈ ವಿಕಿರಣದ ಏರಿಳಿತಗಳನ್ನು ಮೊದಲು ತೋರಿಸಿತು. 2001ರ ಜೂನ್‌ನಲ್ಲಿ ಹಾರಿದ 'ಡಬ್ಲ್ಯುಮ್ಯಾಪ್' 2003ರ ಫೆಬ್ರವರಿಯಲ್ಲಿ ಇನ್ನೂ ಸ್ಪಷ್ಟವಾದ ನಕ್ಷೆ ಕೊಟ್ಟಿತು. ಚಿಕ್ಕ ಪುಟ್ಟ ಏರಿಳಿತಗಳು ಸಿದ್ಧಾಂತಕ್ಕೆ ಅಚ್ಚುಕಟ್ಟಾಗಿ ಹೊಂದಿದವು. ತೀರ ದೊಡ್ಡವು ಹೊಂದಲಿಲ್ಲ. 60 ಡಿಗ್ರಿಗಿಂತ ಹೆಚ್ಚು ಅಂತರದ ಎರಡು ದಿಕ್ಕುಗಳ ಉಷ್ಣತೆಗಳ ನಡುವೆ ಇರಬೇಕಾದ ನಂಟು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪರಿಮಿತ ವಿಶ್ವದ ಪರವಾಗಿರುವವರ ಕಿವಿ ನೆಟ್ಟಗಾದದ್ದು ಆಗ. ವೀಣೆಯ ತಂತಿಯನ್ನು ಮೆಟ್ಟಿನ ಮೇಲೆ ಒತ್ತಿ ಗಿಡ್ಡವಾಗಿಸಿದರೆ ಮಂದ್ರದ ಸ್ವರ ಹೇಗೆ ಬರುವುದಿಲ್ಲವೋ ಹಾಗೆ, ಚಿಕ್ಕ ವಿಶ್ವದಲ್ಲಿ ಅದಕ್ಕಿಂತ ಉದ್ದದ ಅಲೆಗಳಿಗೆ ಎಡೆಯಿರುವುದಿಲ್ಲ. ಲುಮಿನೆ ತಂಡ ಪ್ವಾಂಕರೆಯ ಜಾಗವನ್ನು ಆರಿಸಿಕೊಂಡಿದ್ದು ಇದೇ ಕಾರಣಕ್ಕೆ. ವಿಶ್ವದ ಸಾಂದ್ರತೆ ಚಪ್ಪಟೆ ವಿಶ್ವಕ್ಕೆ ಬೇಕಾದುದಕ್ಕಿಂತ ತುಸು ಹೆಚ್ಚು, ಅಂದರೆ 1.013 ಪಟ್ಟು ಇದ್ದರೆ, ದ್ವಾದಶಮುಖಿ ವಿಶ್ವದಲ್ಲಿ ದೊಡ್ಡ ಅಲೆಗಳು ಅಳತೆಯಲ್ಲಿ ಕಂಡಷ್ಟೇ ಕುಗ್ಗುತ್ತವೆ ಎಂದು ಅವರ ಲೆಕ್ಕ ತೋರಿಸಿತು. ಆ ಪ್ರಬಂಧದ ಹಿರಿಮೆ ಇರುವುದು ಸುಂದರ ಚಿತ್ರದಲ್ಲಲ್ಲ. ತನ್ನನ್ನು ಸುಳ್ಳು ಮಾಡುವ ದಾರಿಯನ್ನೂ ಅದು ತಾನೇ ಹೇಳಿತು. ಇದು ನಿಜವಾದರೆ ಆಕಾಶದಲ್ಲಿ ಸುಮಾರು 35 ಡಿಗ್ರಿ ತ್ರಿಜ್ಯದ ಆರು ಜೋಡಿ ವೃತ್ತಗಳು ಕಾಣಬೇಕು ಎಂದಿತು.

ಯಾಕೆ ವೃತ್ತ? ಈ ಉಪಾಯವನ್ನು ನೀಲ್ ಕಾರ್ನಿಶ್, ಡೇವಿಡ್ ಸ್ಪರ್ಗೆಲ್ ಮತ್ತು ಗ್ಲೆನ್ ಸ್ಟಾರ್ಕ್‌ಮನ್ 1990ರ ದಶಕದ ಕೊನೆಯಲ್ಲಿ ರೂಪಿಸಿದ್ದರು. ಮತ್ತೆ ಆ ಕೋಣೆಯೊಳಗೆ ನಿಂತು ಯೋಚಿಸಬೇಕು. ಹಿನ್ನೆಲೆ ವಿಕಿರಣದ ಗೋಳ ಕೋಣೆಗಿಂತ ದೊಡ್ಡದಾಗಿದ್ದರೆ ಅದು ಪೂರ್ವದ ಗೋಡೆಯನ್ನು ದಾಟಿ ಪಶ್ಚಿಮದಿಂದ ಒಳಬಂದು ತನ್ನನ್ನು ತಾನೇ ಕತ್ತರಿಸುತ್ತದೆ. ಎರಡು ಗೋಳಗಳು ಕೂಡುವ ಗೆರೆ ಯಾವಾಗಲೂ ವೃತ್ತ. ಆ ಒಂದೇ ವೃತ್ತವನ್ನು ನಾವು ಎರಡು ಬಾರಿ ನೋಡುತ್ತೇವೆ: ಒಮ್ಮೆ ಪೂರ್ವದಲ್ಲಿ, ಒಮ್ಮೆ ಪಶ್ಚಿಮದಲ್ಲಿ. ಪೂರ್ವದ ವೃತ್ತದ ಸುತ್ತ ಒಂದೊಂದೇ ಡಿಗ್ರಿ ಸಾಗುತ್ತ ಬಿಸಿ-ತಂಪುಗಳನ್ನು ಗುರುತು ಹಾಕಿಕೊಂಡರೆ, ಪಶ್ಚಿಮದ ವೃತ್ತದಲ್ಲೂ ಅದೇ ಏರಿಳಿತ ಅದೇ ಕ್ರಮದಲ್ಲಿ ಸಿಗಬೇಕು. ಗೋಡೆಗಳನ್ನು ತಿರುಗಿಸಿ ಸೇರಿಸಿದ ಜಾಗವಾದರೆ ಒಂದು ವೃತ್ತದ ಓದನ್ನು ಅಷ್ಟೇ ಡಿಗ್ರಿ ಸರಿಸಿ ಹೋಲಿಸಬೇಕು. ಪ್ವಾಂಕರೆಯ ಜಾಗದಲ್ಲಿ ಆ ಸರಿಕೆ 36 ಡಿಗ್ರಿ. ಈ ವಿಧಾನದ ಸೊಗಸೆಂದರೆ ಆಕಾರವನ್ನು ಮೊದಲೇ ಊಹಿಸಬೇಕಿಲ್ಲ. ವೃತ್ತಗಳು ಸಿಕ್ಕರೆ ಅವೇ ಆಕಾರವನ್ನು ಹೇಳುತ್ತವೆ.

ಕಷ್ಟಗಳೂ ಇವೆ. ಉಷ್ಣತೆಯ ಒಂದು ಭಾಗ ಆ ಜಾಗದ ಸಾಂದ್ರತೆಯಿಂದ ಬರುತ್ತದೆ. ಅದು ಎರಡೂ ದಿಕ್ಕಿನಿಂದ ಒಂದೇ. ಇನ್ನೊಂದು ಭಾಗ ಅಲ್ಲಿನ ಅನಿಲದ ಚಲನೆಯಿಂದ ಬರುತ್ತದೆ. ಅದು ನೋಡುವ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. ಬೆಳಕು ಬರುವ ದಾರಿಯಲ್ಲಿ ಗುರುತ್ವದಿಂದ ಇನ್ನಷ್ಟು ಕಲಬೆರಕೆ ಸೇರುತ್ತದೆ. ಸಾಲದ್ದಕ್ಕೆ ಆಕಾಶಗಂಗೆಯ ಧೂಳು ನಕ್ಷೆಯ ನಡುವೆ ಪಟ್ಟಿಯಂತೆ ಅಡ್ಡ ಬರುತ್ತದೆ. ಹೀಗಾಗಿ ಹೊಂದಾಣಿಕೆ ಪರಿಪೂರ್ಣವಾಗಿರುವುದಿಲ್ಲ. ಲಕ್ಷಾಂತರ ಜೋಡಿಗಳನ್ನು ಹೋಲಿಸಿ, ಆಕಸ್ಮಿಕಕ್ಕಿಂತ ಹೆಚ್ಚು ಹೊಂದುವ ಜೋಡಿ ಯಾವುದಾದರೂ ಇದೆಯೇ ಎಂದು ಅಂಕಿಅಂಶಗಳಿಂದ ತೀರ್ಮಾನಿಸಬೇಕು.

2004ರಲ್ಲಿ ಕಾರ್ನಿಶ್ ಮತ್ತು ಸಂಗಡಿಗರು ಡಬ್ಲ್ಯುಮ್ಯಾಪ್ ನಕ್ಷೆಯಲ್ಲಿ ಎದುರುಬದುರಾಗಿರುವ ಮತ್ತು ಹೆಚ್ಚುಕಡಿಮೆ ಎದುರುಬದುರಾಗಿರುವ ವೃತ್ತಗಳನ್ನು ಜಾಲಾಡಿದರು. 25 ಡಿಗ್ರಿಗಿಂತ ದೊಡ್ಡ ತ್ರಿಜ್ಯದ ಒಂದು ಜೋಡಿಯೂ ಸಿಗಲಿಲ್ಲ. ಲುಮಿನೆ ತಂಡದ 35 ಡಿಗ್ರಿ ವೃತ್ತಗಳಿಗೆ ಅಲ್ಲಿಗೆ ತೆರೆ ಬಿತ್ತು. ಬಹುಪಾಲು ಮಾದರಿಗಳಲ್ಲಿ ವಿಶ್ವದ ಗಾತ್ರ ಸುಮಾರು 7,800 ಕೋಟಿ ಜ್ಯೋತಿರ್ವರ್ಷಕ್ಕಿಂತ ಕಡಿಮೆ ಇರಲಾರದು ಎಂದು ಅವರು ಹೇಳಿದರು. ಅದೇ ವರ್ಷ ಪೋಲೆಂಡಿನ ತೊರುನ್‌ನಲ್ಲಿದ್ದ ಬೌಡೆವಿನ್ ರೂಕೆಮಾ ತಂಡ ಸುಮಾರು 11 ಡಿಗ್ರಿ ತ್ರಿಜ್ಯದ ಆರು ಜೋಡಿಗಳ ಸುಳಿವು ಕಂಡಿದೆ ಎಂದಿತು. ಅದು ಮುಂದೆ ದೃಢಪಡಲಿಲ್ಲ.

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ 'ಪ್ಲಾಂಕ್' 2009ರ ಮೇ 14ರಂದು ಹಾರಿತು. ಅದರ 2013 ಮತ್ತು 2015ರ ಫಲಿತಾಂಶಗಳಲ್ಲಿ ಟೊಪಾಲಜಿಗೇ ಮೀಸಲಾದ ಪ್ರಬಂಧಗಳಿವೆ. ಅಲ್ಲೂ ವೃತ್ತಗಳಿಲ್ಲ. ವಿಶ್ವ ಘನಾಕಾರದ ಟೋರಸ್ ಆಗಿದ್ದರೆ ಅದರ ಬದಿ ಹಿನ್ನೆಲೆ ವಿಕಿರಣದ ಗೋಳದ ವ್ಯಾಸದ ಹೆಚ್ಚುಕಡಿಮೆ 97 ಶೇಕಡಕ್ಕಿಂತ ಚಿಕ್ಕದಾಗಿರಲಾರದು ಎಂಬುದು 2015ರ ತೀರ್ಮಾನ. ವಕ್ರತೆಯ ವಿಷಯದಲ್ಲಿ, ಪ್ಲಾಂಕ್‌ನ 2018ರ ಅಳತೆಯನ್ನು ಗೆಲಾಕ್ಸಿಗಳ ಹಂಚಿಕೆಯ ಅಳತೆಯೊಂದಿಗೆ ಸೇರಿಸಿದಾಗ ಸಿಕ್ಕ ಅಂಕಿ 0.0007, ಅನಿಶ್ಚಿತತೆ 0.0019. ಅಂದರೆ ಸೊನ್ನೆ, ಪೂರ್ತಿ ಚಪ್ಪಟೆ, ಎನ್ನಲು ಏನೂ ಅಡ್ಡಿಯಿಲ್ಲ. ಬಾಗಿದ್ದರೂ ಇಷ್ಟು ಕಡಿಮೆ ಬಾಗಿದ ವಿಶ್ವದಲ್ಲಿ ಪ್ವಾಂಕರೆ ದ್ವಾದಶಮುಖಿಯ ಮುಖಗಳು ನಮ್ಮ ದಿಗಂತದ ಆಚೆಗೆ ಸರಿದುಬಿಡುತ್ತವೆ.

ವಕ್ರತೆಯ ಬಗ್ಗೆಯೂ ಎಲ್ಲರೂ ಒಪ್ಪಿದ್ದಾರೆ ಎನ್ನುವಂತಿಲ್ಲ. 2019ರಲ್ಲಿ ಎಲಿಯೊನೋರಾ ಡಿ ವ್ಯಾಲೆಂಟಿನೊ, ಅಲೆಸ್ಸಾಂಡ್ರೊ ಮೆಲ್ಕಿಯೊರಿ ಮತ್ತು ಜೋಸೆಫ್ ಸಿಲ್ಕ್ ಪ್ಲಾಂಕ್‌ನ ದತ್ತಾಂಶವನ್ನು ಮಾತ್ರ ನೋಡಿದರೆ ಅದು ಧನ ವಕ್ರತೆಯ, ಅಂದರೆ ಮುಚ್ಚಿದ ವಿಶ್ವದ ಕಡೆ ವಾಲುತ್ತದೆ ಎಂದು ವಾದಿಸಿದರು. ಮರುವರ್ಷ ಜಾರ್ಜ್ ಎಫ್‌ಸ್ಟಾಥಿಯು ಮತ್ತು ಸ್ಟೀವನ್ ಗ್ರ್ಯಾಟನ್ ಅದೇ ದತ್ತಾಂಶವನ್ನು ಬೇರೆ ರೀತಿಯಲ್ಲಿ ವಿಶ್ಲೇಷಿಸಿ ಚಪ್ಪಟೆ ವಿಶ್ವವನ್ನೇ ಎತ್ತಿಹಿಡಿದರು. ಬೇರೆ ಬೇರೆ ಬಗೆಯ ಅಳತೆಗಳನ್ನು ಒಟ್ಟಿಗಿಟ್ಟು ನೋಡಿದರೆ ತಕ್ಕಡಿ ಇವರ ಕಡೆಗೇ ತೂಗುತ್ತದೆ.

ಈ ಕ್ಷೇತ್ರದಲ್ಲಿ ಭಾರತದ ಕೆಲಸವೂ ಗಣನೀಯವಾದದ್ದು. ತರುಣ್ ಸೌರದೀಪ್ ಅವರು ಟೊರಾಂಟೊದ ಡಿಕ್ ಬಾಂಡ್ ಮತ್ತು ಡಿಮಿಟ್ರಿ ಪೊಗೋಸಿಯನ್ ಜೊತೆಗೂಡಿ, ಋಣ ವಕ್ರತೆಯ ಪರಿಮಿತ ವಿಶ್ವಗಳಲ್ಲಿ ಹಿನ್ನೆಲೆ ವಿಕಿರಣ ಹೇಗಿರಬೇಕೆಂದು ಲೆಕ್ಕ ಹಾಕಿ ಕೋಬ್ ದತ್ತಾಂಶದೊಂದಿಗೆ ಹೋಲಿಸಿದರು. 2000ದಲ್ಲಿ ಪ್ರಕಟವಾದ ಆ ಪ್ರಬಂಧಗಳು ವೃತ್ತಗಳನ್ನೇ ನಂಬಿ ಕೂರದೆ ಇಡೀ ನಕ್ಷೆಯ ಮಾಹಿತಿಯನ್ನು ಬಳಸಿಕೊಂಡವು. ಮುಂದೆ ಪುಣೆಯ ಐಯುಕಾ ಸಂಶೋಧನಾ ಕೇಂದ್ರದಲ್ಲಿ ಅಮೀರ್ ಹಾಜಿಯಾನ್ ಜೊತೆ ಅವರು ಮತ್ತೊಂದು ಸಾಧನವನ್ನು ರೂಪಿಸಿದರು. ಪರಿಮಿತ ವಿಶ್ವದಲ್ಲಿ ಎಲ್ಲ ದಿಕ್ಕುಗಳೂ ಸಮನಲ್ಲ. ಕೋಣೆಯ ಗೋಡೆಗೆ ನೇರವಾಗಿ ನೋಡುವುದಕ್ಕೂ ಮೂಲೆಗೆ ನೋಡುವುದಕ್ಕೂ ವ್ಯತ್ಯಾಸವಿದೆ. ಆ ಅಸಮತೆ ನಕ್ಷೆಯಲ್ಲಿ ಅಡಗಿದ್ದರೆ ಅದನ್ನು ಹೊರಗೆಳೆಯುವ ಗಣಿತ ಅವರದು. ಪರಿಮಿತ ವಿಶ್ವದ ಪರೀಕ್ಷೆಗಷ್ಟೇ ಅಲ್ಲ, ನಕ್ಷೆಯ ಯಾವುದೇ ದಿಕ್ಕಿನ ಪಕ್ಷಪಾತವನ್ನು ಅಳೆಯಲೂ ಅದು ಬಳಕೆಯಾಗುತ್ತಿದೆ. ಸೌರದೀಪ್ ನಂತರ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು.

ವೃತ್ತಗಳು ಸಿಗಲಿಲ್ಲ ಎಂದಾಗ ಬಹಳ ಮಂದಿ ಈ ಕಡತವನ್ನು ಮುಚ್ಚಿಟ್ಟರು. ಅದು ಆತುರದ ನಡೆ ಎಂದು ತೋರಿಸಿದ್ದು 'ಕಾಂಪ್ಯಾಕ್ಟ್' ಎಂಬ ಅಂತಾರಾಷ್ಟ್ರೀಯ ತಂಡ. ಯಶರ್ ಅಕ್ರಮಿ, ಗ್ಲೆನ್ ಸ್ಟಾರ್ಕ್‌ಮನ್ ಮೊದಲಾದವರ ಈ ತಂಡದ ಪ್ರಬಂಧ 2024ರ ಏಪ್ರಿಲ್‌ನಲ್ಲಿ 'ಫಿಸಿಕಲ್ ರಿವ್ಯೂ ಲೆಟರ್ಸ್'ನಲ್ಲಿ ಪ್ರಕಟವಾಯಿತು. ಅವರ ಮಾತಿನ ತಿರುಳು ಇದು. ವೃತ್ತಗಳಿಲ್ಲ ಎಂದರೆ ನಾವಿರುವ ಜಾಗದಿಂದ ಹೊರಟು ವಿಶ್ವವನ್ನು ಸುತ್ತಿ ಮರಳಿ ಬರುವ ಅತಿ ಗಿಡ್ಡ ದಾರಿ ಹಿನ್ನೆಲೆ ವಿಕಿರಣದ ಗೋಳದ ವ್ಯಾಸದ 98.5 ಶೇಕಡಕ್ಕಿಂತ ಉದ್ದವಾಗಿದೆ ಎಂದಷ್ಟೇ ಅರ್ಥ. ಬೇರೆ ಜಾಗದಲ್ಲಿ ನಿಂತವರಿಗೂ ಹಾಗೆಯೇ ಇರಬೇಕೆಂದಿಲ್ಲ.

ಅರ್ಧ ಸುತ್ತು ತಿರುಗಿಸಿ ಸೇರಿಸಿದ ಚಪ್ಪಟೆ ಜಾಗವನ್ನೇ ನೋಡೋಣ. ಎದುರು ಗೋಡೆಗಳ ನಡುವಿನ ದೂರ ಒಂದು ಅಳತೆ ಎಂದಿಟ್ಟುಕೊಂಡರೆ, ತಿರುಗುವಿಕೆಯ ಅಕ್ಷದ ಮೇಲೆಯೇ ಇರುವವನಿಗೆ ತನ್ನ ಮೊದಲ ಬಿಂಬ ಅಷ್ಟೇ ದೂರದಲ್ಲಿ ಕಾಣುತ್ತದೆ. ಅಕ್ಷದಿಂದ ಪಕ್ಕಕ್ಕೆ ಸರಿದಿರುವವನ ಬಿಂಬ ಅಕ್ಷದ ಇನ್ನೊಂದು ಪಕ್ಕದಲ್ಲಿ ಬೀಳುತ್ತದೆ, ಆದ್ದರಿಂದ ದೂರ ಹೆಚ್ಚು. ಸಾಕಷ್ಟು ಪಕ್ಕಕ್ಕೆ ಹೋದರೆ, ಎರಡು ಸುತ್ತು ಬಂದು ನೇರವಾಗಿ ಕಾಣುವ ಬಿಂಬವೇ ಹತ್ತಿರದ್ದಾಗುತ್ತದೆ. ಅದು ಎರಡು ಅಳತೆಯಷ್ಟು ದೂರ. ಅಂದರೆ ಆ ದಿಕ್ಕಿನಲ್ಲಿ ವಿಶ್ವದ ಉದ್ದ ನಮ್ಮ ಮಿತಿಯ ಅರ್ಧದಷ್ಟೇ ಇದ್ದೂ ನಮಗೆ ಒಂದು ವೃತ್ತವೂ ಕಾಣದಿರಬಹುದು. ಅಕ್ಷದ ಮೇಲೆಯೇ ನಾವಿರಬೇಕು ಎನ್ನುವುದಕ್ಕೆ ಯಾವ ಕಾರಣವೂ ಇಲ್ಲ. ಬಹುತೇಕ ಎಲ್ಲ ಜಾಗಗಳೂ ಅಕ್ಷದಿಂದ ಹೊರಗೇ ಇವೆ. ಹತ್ತು ಬಗೆಗಳಲ್ಲಿ ನೇರ ಟೋರಸ್ಸನ್ನೇ ಮುಂದಿಟ್ಟುಕೊಂಡು ನೋಡಿದಾಗ ಈ ಸಂಗತಿ ಕಣ್ತಪ್ಪುತ್ತದೆ. ವೃತ್ತಗಳು ಕಾಣದಿದ್ದರೂ ಅಂಥ ವಿಶ್ವದ ಆಕಾರ ವಿಕಿರಣದ ಏರಿಳಿತಗಳ ನಡುವಿನ ನಂಟಿನಲ್ಲಿ ಗುರುತು ಉಳಿಸಿರಬಹುದು, ಅದನ್ನು ಹುಡುಕುವ ಕೆಲಸ ಬಹುಪಾಲು ಇನ್ನೂ ಆಗಿಲ್ಲ ಎಂಬುದು ಆ ತಂಡದ ವಾದ. ಇದು ತರ್ಕಬದ್ಧ ವಾದ, ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಇದರ ಎದುರು ನಿಲ್ಲುವ ದೊಡ್ಡ ಆಕ್ಷೇಪ ಹಿಗ್ಗಾಟದ ಸಿದ್ಧಾಂತದಿಂದ ಬರುತ್ತದೆ. ವಿಶ್ವ ತನ್ನ ಮೊದಲ ಕ್ಷಣದ ಅತ್ಯಲ್ಪ ಭಾಗದಲ್ಲಿ ಅಗಾಧವಾಗಿ ಉಬ್ಬಿತು ಎಂದಾದರೆ, ಅದರ ಒಟ್ಟು ಗಾತ್ರ ನಾವು ಕಾಣುವ ಭಾಗಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿರಬೇಕು. ಗಾತ್ರವೂ ದಿಗಂತವೂ ಹೆಚ್ಚುಕಡಿಮೆ ಒಂದೇ ಆಗಿರುವುದು ವಿಚಿತ್ರ ಕಾಕತಾಳೀಯ ಎನಿಸುತ್ತದೆ. ಆಕ್ಷೇಪಕ್ಕೆ ತೂಕವಿದೆ. ಆದರೆ ಹಿಗ್ಗಾಟದ ಸಿದ್ಧಾಂತ ಕಟ್ಟಿದವರೇ ಪರಿಮಿತ ವಿಶ್ವವನ್ನು ತಳ್ಳಿಹಾಕಿಲ್ಲ. 1984ರಲ್ಲಿ ಯಾಕೊವ್ ಝೆಲ್ಡೊವಿಚ್ ಮತ್ತು ಅಲೆಕ್ಸಿ ಸ್ಟಾರೊಬಿನ್‌ಸ್ಕಿ ಟೋರಸ್ ಆಕಾರದ ವಿಶ್ವ ಕ್ವಾಂಟಂ ನಿಯಮಗಳಿಂದ ಹುಟ್ಟಬಹುದಾದ ಬಗೆಯನ್ನು ವಿವರಿಸಿದರು. 2004ರಲ್ಲಿ ಆಂಡ್ರೆ ಲಿಂಡೆ, ಕೆಲವು ಬಗೆಯ ಹಿಗ್ಗಾಟ ಶುರುವಾಗಲು ಅನಂತ ವಿಶ್ವಕ್ಕಿಂತ ಪುಟ್ಟ ಪರಿಮಿತ ವಿಶ್ವವೇ ಅನುಕೂಲ ಎಂದು ತೋರಿಸಿದರು. ಅಂಥ ವಿಶ್ವದ ಗಾತ್ರ ನಮಗೆ ಕಾಣುವಷ್ಟು ಚಿಕ್ಕದಾಗಿ ಉಳಿದಿದೆಯೇ ಎಂಬುದು ಬೇರೆ ಮಾತು. ಅದನ್ನು ಅಳತೆಯೇ ಹೇಳಬೇಕು.

ಮುಂದಿನ ಅಳತೆಗಳು ಎರಡು ಕಡೆಯಿಂದ ಬರಲಿವೆ. 2023ರ ಜುಲೈ 1ರಂದು ಹಾರಿದ ಯೂಕ್ಲಿಡ್ ದೂರದರ್ಶಕ ಕೋಟಿಗಟ್ಟಲೆ ಗೆಲಾಕ್ಸಿಗಳ ಮೂರು ಆಯಾಮದ ನಕ್ಷೆ ಮಾಡುತ್ತಿದೆ. ಹಿನ್ನೆಲೆ ವಿಕಿರಣ ಒಂದು ಗೋಳದ ಮೇಲ್ಮೈಯನ್ನಷ್ಟೇ ತೋರಿಸಿದರೆ, ಗೆಲಾಕ್ಸಿ ನಕ್ಷೆ ಅದರ ಒಳಗನ್ನೂ ತೋರಿಸುತ್ತದೆ. ಜಪಾನಿನ ನೇತೃತ್ವದ ಲೈಟ್‌ಬರ್ಡ್ ಉಪಗ್ರಹ ವಿಕಿರಣದ ಧ್ರುವೀಕರಣವನ್ನು ಈವರೆಗಿಲ್ಲದ ನಿಖರತೆಯಿಂದ ಅಳೆಯುವ ಗುರಿ ಇಟ್ಟುಕೊಂಡಿದೆ. ಉಷ್ಣತೆಯಲ್ಲಿ ಸೇರುವ ದಾರಿಯ ಕಲಬೆರಕೆ ಧ್ರುವೀಕರಣದಲ್ಲಿ ಕಡಿಮೆ, ಹಾಗಾಗಿ ಆಕಾರದ ಸುಳಿವು ಅಲ್ಲಿ ಇನ್ನಷ್ಟು ಸ್ವಚ್ಛವಾಗಿ ಸಿಗಬಹುದು.

ಒಂದು ಮಿತಿಯಂತೂ ಉಳಿದೇ ಉಳಿಯುತ್ತದೆ. ವಿಶ್ವ ಪರಿಮಿತವಾಗಿದ್ದು ಅದರ ಗಾತ್ರ ನಮ್ಮ ದಿಗಂತಕ್ಕಿಂತ ಬಹಳ ದೊಡ್ಡದಾಗಿದ್ದರೆ, ಯಾವ ದೂರದರ್ಶಕವೂ ಅದನ್ನು ತಿಳಿಸಲಾರದು. ವಿಶ್ವ ಅನಂತ ಎಂದು ಅಳತೆಯಿಂದ ಸಾಧಿಸುವುದಂತೂ ಎಂದಿಗೂ ಆಗದ ಕೆಲಸ. ಪರಿಮಿತ ಎಂದು ಸಾಧಿಸುವುದು ಮಾತ್ರ ಸಾಧ್ಯ, ಅದೂ ಅದೃಷ್ಟವಿದ್ದರೆ. ಈ ಎರಡರ ನಡುವಿನ ಅಸಮತೋಲವೇ ಹುಡುಕಾಟ ಮುಂದುವರಿಸಲು ಸಾಕಾದ ಕಾರಣ. ಈಗಿನ ಮಟ್ಟಿಗೆ ನ್ಯಾಯವಾದ ತೀರ್ಪು ಇಷ್ಟೇ: ವಿಶ್ವ ಹೆಚ್ಚುಕಡಿಮೆ ಚಪ್ಪಟೆ, ಅದು ಅನಂತವೆಂಬುದಕ್ಕೆ ಪುರಾವೆ ಇಲ್ಲ, ಚಿಕ್ಕ ನೇರ ಟೋರಸ್ ಅಲ್ಲ ಎಂಬುದಕ್ಕೆ ಗಟ್ಟಿ ಪುರಾವೆ ಇದೆ, ತಿರುಚಿದ ಬಗೆಗಳು ಇನ್ನೂ ಪರೀಕ್ಷೆಗೆ ಕಾದಿವೆ.

ಪ್ಲಾಂಕ್‌ನ ನಕ್ಷೆಗಳು ಗುಟ್ಟಿನ ಕಡತಗಳಲ್ಲ. ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಅವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ, ಅವನ್ನು ಓದುವ ತಂತ್ರಾಂಶಗಳೂ ಉಚಿತವಾಗಿ ಸಿಗುತ್ತವೆ. ರೇಖಾಗಣಿತದ ಮೇಲೆ ಪ್ರೀತಿಯಿರುವ, ಗಣಿತವನ್ನು ಎಲ್ಲಿ ಬಳಸುವುದೆಂದು ತಿಳಿಯದೆ ಕುಳಿತ ನಮ್ಮ ಕಾಲೇಜುಗಳ ಎಂ.ಎಸ್ಸಿ. ವಿದ್ಯಾರ್ಥಿಗಳು ಅವುಗಳಲ್ಲಿ ಒಂದನ್ನು ಇಳಿಸಿಕೊಂಡು ಒಂದು ಜೋಡಿ ವೃತ್ತವನ್ನಾದರೂ ತಾವೇ ಹೋಲಿಸಿ ನೋಡಲಿ.